ನಡುವಿನ ಚಿತ್ರ ಬರೆಯುವವಳು

ಬಾಡಿಗೆ ಮನೆ ಕೇಳಿಕೊಂಡು ಬಂದವಳು ಮನೆ ನೋಡಲಿಲ್ಲ, ಎಮ್ಮೆ ನೋಡಿದಳು.

ಕಾಡುಗೋಡಿಯಲ್ಲಿ ನಮ್ಮದು ಹಳೆಯ ಮನೆ. ಮುಂದೆ ನಾವು, ಹಿಂದೆ ಕೊಟ್ಟಿಗೆ, ಕೊಟ್ಟಿಗೆಗೆ ಅಂಟಿಕೊಂಡು ಶೀಟು ಹೊದಿಸಿದ ಒಂದು ರೂಮು. ಆ ರೂಮು ನೋಡಲು ಬಂದವರೆಲ್ಲ ಸಗಣಿ ವಾಸನೆಗೆ ಮೂಗು ಮುಚ್ಚಿಕೊಂಡು ವಾಪಸ್ಸು ಹೋಗುತ್ತಿದ್ದರು. ಇವಳು ಬಾಗಿಲನ್ನೂ ತೆಗೆಸಲಿಲ್ಲ. ಗೊಂತಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಮಲಗಿದ್ದ ಎಮ್ಮೆಯನ್ನೇ ನೋಡತೊಡಗಿದಳು.

“ಏನವ್ವಾ, ನಮ್ಮ ಎಮ್ಮೆಗೆ ಗಂಡು ಗೊತ್ತು ಮಾಡಕ್ಕೆ ಬಂದ್ಯಾ?” ಎಂದೆ.

“ಇದು ಯಾವಾಗ ಏಳ್ತದಬೇ ಆಯಿ?” ಎಂದಳು. ನಗಲಿಲ್ಲ.

“ಅದಕ್ಕೆ ಮನಸ್ಸು ಬಂದಾಗ.”

“ಅಲ್ಲೀತನಕ ಕೂಡ್ತೇನಿ.”

ಕೂತಳು. ಮುಕ್ಕಾಲು ಗಂಟೆ ಕೂತಳು. ಎಮ್ಮೆ ಎದ್ದ ಮೇಲೆ ತಾನೂ ಎದ್ದು, ರೂಮು ನನಗಿರಲಿ ಎಂದಳು.

ಹೋದ ವಾರ ಅವಳ ತಂಗಿ ಫೋನು ಮಾಡಿದ್ದಳು. ಅಕ್ಕ ಕಂಪನಿ ಕೆಲಸ ಬಿಟ್ಟಳಂತೆ. ಈಗ ಎಲ್ಲವೂ ಕಂಪ್ಯೂಟರಿನಲ್ಲಿ, ಕಾಗದದ ಮೇಲೆ ಬರೆದ ಚಿತ್ರ ಕೇಳುವವರಿಲ್ಲ, ಆನೇಕಲ್ ಹತ್ತಿರ ಒಂದು ಶಾಲೆಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತಾಳಂತೆ. ಅಷ್ಟು ಹೇಳಿ ಇಟ್ಟುಬಿಟ್ಟಳು. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅವಳೇನು ನನ್ನ ಮಗಳಲ್ಲ, ನೆಂಟಳಲ್ಲ. ಐದು ವರ್ಷ ಕೊಟ್ಟಿಗೆ ರೂಮಿನಲ್ಲಿದ್ದಳು, ಅಷ್ಟೆ. ಆದರೂ ಅವಳ ಕಥೆ ಬರೆಯಲು ಕೂತೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ದಪ್ಪ ದಪ್ಪ ಬರುತ್ತವೆ, ಬರಲಿ. ಅವಳ ಹೆಸರು ಮಾತ್ರ ಬರೆಯುವುದಿಲ್ಲ. ಒಂದು ಕಡೆ ಆ ಹೆಸರು ಬರಲಿ ಎಂದು ಅವಳು ಪಟ್ಟ ಪಾಡು ನೋಡಿದ್ದೇನೆ. ಅದು ಬರಬೇಕಾದ ಜಾಗ ನನ್ನ ಕಾಗದವಲ್ಲ.

ಅಕ್ಕತಂಗಿ ಇಬ್ಬರೂ ಗದಗಿನ ಕಡೆಯವರು. ಇವಳಿಗೆ ಆಗ ಇಪ್ಪತ್ತೇಳು, ತಂಗಿಗೆ ಇಪ್ಪತ್ತಮೂರು. ಇವಳು ಬರೀ ಎಲುಬು. ಕೂದಲ ಗಂಟಿಗೆ ಪೆನ್ಸಿಲ್ ಚುಚ್ಚಿಕೊಂಡಿರುತ್ತಿದ್ದಳು. ಎಡಗೈ ಬೆರಳುಗಳು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಕೈಯಲ್ಲಿ ಏನೂ ಇಲ್ಲದಿದ್ದರೂ ಹಾಳೆ ಮಗುಚಿದ ಹಾಗೆ ಒಂದರ ಹಿಂದೆ ಒಂದು ಆಡುತ್ತಿದ್ದವು. ಈರುಳ್ಳಿ ಕೊಳ್ಳುವಾಗಲೂ ಹಾಗೆ, ಬಸ್ಸಿಗೆ ಕಾಯುವಾಗಲೂ ಹಾಗೆ. ನಮ್ಮ ಬೀದಿಯವರು ಇವಳಿಗೆ ನರದ ಕಾಯಿಲೆ ಎಂದುಕೊಂಡಿದ್ದರು.

ಕಾಯಿಲೆಯಲ್ಲ, ಕೆಲಸ. ಅದು ನನಗೆ ಗೊತ್ತಾದದ್ದು ಹಾಲಿನಿಂದ. ಅವರಿಬ್ಬರೂ ಕೆಲಸ ಮಾಡುತ್ತಿದ್ದ ಕಂಪನಿ ವೈಟ್‌ಫೀಲ್ಡಿನಲ್ಲಿತ್ತು. ಇವಳ ಮಾತಿನ ಮೇಲೆ ಅಲ್ಲಿಯ ಟೀಗೆ ದಿನಕ್ಕೆ ಎರಡು ಸಲ ನಮ್ಮ ಮನೆಯ ಹಾಲು ಹೋಗತೊಡಗಿತು. ಒಳಗೆ ಸಾಲಾಗಿ ಮೇಜು, ಮೇಜಿನ ನಡುವೆ ಗಾಜು, ಗಾಜಿನ ಕೆಳಗೆ ದೀಪ. ದೀಪದ ಮೇಲೆ ಹಾಳೆ ಇಟ್ಟುಕೊಂಡು ಎಲ್ಲರೂ ಚಿತ್ರ ಬರೆಯುತ್ತಿದ್ದರು. ಒಂದೇ ಬೊಂಬೆಯನ್ನು ಒಂದಿಷ್ಟೇ ಒಂದಿಷ್ಟು ಸರಿಸಿ ಹಾಳೆ ಹಾಳೆಯ ಮೇಲೆ ಬರೆದು, ಆಮೇಲೆ ಓಡಿಸಿದರೆ ಬೊಂಬೆ ನಡೆಯುತ್ತದೆ. ಹೊರದೇಶದ ಮಕ್ಕಳ ಟೀವಿಗೆ ಅದು. ಹಾರುವ ಕುದುರೆ, ಮಾತಾಡುವ ಮರ, ಮೋಡದ ಮೇಲಿನ ಊರು. ಇಲ್ಲದ್ದನ್ನೆಲ್ಲ ಬರೆಯಲು ಇಷ್ಟು ಜನ ಬೆಳಗ್ಗೆ ಕ್ಯಾಬಿನಲ್ಲಿ ಬರುತ್ತಾರೆಯೇ ಎಂದು ನನಗೆ ಮೊದಲು ನಗು ಬಂದಿತ್ತು.

ಅಲ್ಲಿ ಎರಡು ಜಾತಿ. ಕಿಟಕಿಯ ಹತ್ತಿರ ಕೂತವರು ಮುಖ್ಯ ಚಿತ್ರ ಬರೆಯುವವರು. ಪ್ರಾಣಿ ಮಲಗಿದ್ದು ಒಂದು, ತಲೆ ಎತ್ತಿದ್ದು ಒಂದು, ಎದ್ದು ನಿಂತದ್ದು ಒಂದು: ಹೀಗೆ ನಾಲ್ಕಾರು. ಅದಕ್ಕೆ ‘ಕೀ’ ಎನ್ನುತ್ತಾರೆ. ಟೀವಿಯಲ್ಲಿ ಕೊನೆಗೆ ಓಡುವ ಹೆಸರು ಅವರದು. ಗೋಡೆಯ ಕಡೆ ಕೂತವರು ನಡುವಿನ ಚಿತ್ರದವರು. ಮಲಗಿದ್ದಕ್ಕೂ ಎದ್ದದ್ದಕ್ಕೂ ನಡುವೆ ಬೇಕಾದ ಹತ್ತಿಪ್ಪತ್ತು ಚಿತ್ರ ಅವರು ತುಂಬಬೇಕು. ತಮ್ಮದೆಂದು ಒಂದು ಗೆರೆ ಸೇರಿಸುವಂತಿಲ್ಲ. ಕಿಟಕಿಯವನ ಕೈ ಯಾವುದು, ಗೋಡೆಯವನ ಕೈ ಯಾವುದು ಎಂದು ಗೊತ್ತಾಯಿತೋ, ಹಾಳೆ ಹರಿದ ಹಾಗೆಯೇ.

ತಂಗಿ ಕಿಟಕಿಯ ಹತ್ತಿರ. ಇವಳು ಗೋಡೆಯ ಕಡೆ. ಆರು ವರ್ಷದ ಸರ್ವೀಸು ಇವಳದು. ತಂಗಿಯನ್ನು ಕರೆತಂದು ಸೇರಿಸಿದವಳೇ ಇವಳು. ನಾಲ್ಕು ತಿಂಗಳಿಗೆ ತಂಗಿ ಕಿಟಕಿಗೆ ಹೋದಳು. ಅವಳು ಬರೆದ ಮುಖ್ಯ ಚಿತ್ರಕ್ಕೆ ನಡುವಿನದನ್ನು ಬರೆಯಲು ಅಕ್ಕನನ್ನೇ ಕೂರಿಸಿದರು. ಅಕ್ಕನಷ್ಟು ಚೆನ್ನಾಗಿ ತಂಗಿಯ ಕೈ ಬೇರೆ ಯಾರಿಗೆ ಗೊತ್ತು?

ತಂಗಿಗೆ ಕಲಿತದ್ದು ಎಂಬುದೇ ಇರಲಿಲ್ಲ. ಒಮ್ಮೆ ನಾನು ಬೂಸಾ ತಂದುಕೊಡುವವನಿಗೆ ಬೈಯುತ್ತಿದ್ದೆ. ಅವಳು ಹಲ್ಲುಜ್ಜುತ್ತ ನಿಂತಿದ್ದವಳು, ಚೊಂಬಿನ ನೀರಿಗೆ ಬೆರಳು ಅದ್ದಿ ಜಗುಲಿಯ ಕಲ್ಲಿನ ಮೇಲೆ ನಾಲ್ಕು ಗೆರೆ ಎಳೆದಳು. ಬೂಸಾದವನು ಬಗ್ಗಿ ನೋಡಿ, “ಅಯ್ಯಯ್ಯೋ, ಅಜ್ಜಿ ಬಾಯಿ ನೋಡು!” ಎಂದು ಬಿದ್ದು ಬಿದ್ದು ನಕ್ಕ. ನಾನೂ ನೋಡಿದೆ. ನಾನೇ. ಬಿಸಿಲಿಗೆ ಒಣಗುವ ತನಕ ನಾನು ಆ ಕಲ್ಲಿನ ಮೇಲೆ ಬೈಯುತ್ತಲೇ ಇದ್ದೆ. ಇವಳು ಹೊಸಿಲಲ್ಲಿ ನಿಂತು ಅದನ್ನು ನೋಡಿದಳು. ನಗಲಿಲ್ಲ. ಆಮೇಲೆ ನನಗೊಬ್ಬಳಿಗೇ ಹೇಳಿದಳು: “ಆಕಿಗೆ ಅದು ತಾನಾಗೇ ಬರ್ತದಬೇ. ನಾನು ಅದರ ಹತ್ರ ನಡಕೋಂತ ಹೋಗಬೇಕು.”

ಅವರ ಅಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದನಂತೆ. ಅರಮನೆ, ಕಾಡು, ಬೀದಿ. ತಂಗಿಗೆ ಆರು ವರ್ಷ ತುಂಬುವಾಗಲೇ ಕುಂಚ ಕೊಟ್ಟು ದೇವರ ಕಣ್ಣು ಬರೆಸಿದನಂತೆ. ಇವಳಿಗೆ ಮಾತ್ರ ‘ನೀ ಬಣ್ಣ ಅರಿ, ಆಕಾಶ ತುಂಬು’ ಎಂದನಂತೆ. “ಎಷ್ಟ್ ಆಕಾಶ ತುಂಬೇನಿ ಗೊತ್ತೇನಬೇ? ನಮ್ಮೂರ ಮ್ಯಾಲ ಅಷ್ಟ್ ಆಕಾಶಿಲ್ಲ” ಎನ್ನುತ್ತಿದ್ದಳು. ಅಪ್ಪನ ಮೇಲೆ ಸಿಟ್ಟಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಅವಳದೊಂದು ಕೆಟ್ಟ ಚಟ. ಯಾರು ಏನೇ ಹೇಳಿದರೂ “ನಡುವ ಏನಾತು?” ಎಂದು ಕೇಳುವುದು. ನಮ್ಮ ಯಜಮಾನರ ಸಾವು ಹೇಳಿದ್ದೆ. ಬೆಳಗ್ಗೆ ಸೊಪ್ಪಿನ ತೋಟಕ್ಕೆ ಹೋದರು, ಮಧ್ಯಾಹ್ನ ಹೆಣ ತಂದರು ಎಂದೆ. ಮೂವತ್ತು ವರ್ಷದಿಂದ ಅಷ್ಟೇ ಹೇಳಿಕೊಂಡು ಬಂದಿದ್ದೇನೆ. ಎಲ್ಲರೂ ಲೊಚಗುಟ್ಟಿ ಸುಮ್ಮನಾಗುತ್ತಾರೆ. ಇವಳು, “ನಡುವ ಏನಾತಬೇ?” ಎಂದಳು.

“ಏನಾಯ್ತದೆ? ಸತ್ತೋದ್ರು!”

“ಅಲ್ಲ, ನೀವು ಅವಾಗ ಏನ್ ಮಾಡಾಕತ್ತಿದ್ರಿ?”

ನನಗೆ ಸಿಟ್ಟು ಬಂತು. ಎದ್ದು ಹೋದೆ. ಅವತ್ತು ಸಂಜೆ ಎಮ್ಮೆಗೆ ಹುಲ್ಲು ಹಾಕುತ್ತಿರುವಾಗ, ಅವರು ಸತ್ತ ಹೊತ್ತಿನಲ್ಲಿ ನಾನು ಪಕ್ಕದ ಮನೆಯವಳ ಹತ್ತಿರ ಒಂದು ಒನಕೆಯ ವಿಷಯಕ್ಕೆ ಜಗಳವಾಡುತ್ತಿದ್ದೆ ಎಂಬುದು ನೆನಪಿಗೆ ಬಂತು. ಯಾರಿಗೆ ಬೇಕಿತ್ತು ಅದು.

ಎಮ್ಮೆಯ ವಿಷಯಕ್ಕೆ ಬರುತ್ತೇನೆ. ಮೋಡದ ಊರಿನ ಒಂದು ಹೊಸ ಕಥೆ ಆ ಕಂಪನಿಗೆ ಬರುವುದಿತ್ತು. ಅದರಲ್ಲಿ ರೆಕ್ಕೆ ಇರುವ ಒಂದು ದೊಡ್ಡ ಕೋಣ. ಮಕ್ಕಳನ್ನು ಬೆನ್ನ ಮೇಲೆ ಹೊತ್ತು ಹಾರುತ್ತದೆ. ಕಥೆಯ ಉದ್ದಕ್ಕೂ ಆ ಕೋಣದ ಮುಖ್ಯ ಚಿತ್ರಗಳನ್ನು ಒಬ್ಬರೇ ಬರೆಯಬೇಕು. ಅವರಿಗೆ ಕಿಟಕಿಯ ಮೇಜು, ಟೀವಿಯಲ್ಲಿ ಹೆಸರು. ಕೇಳಿದವರಿಗೆಲ್ಲ ಒಂದು ಪರೀಕ್ಷೆ ಎಂದು ಅಲ್ಲಿಯ ದೊಡ್ಡ ಸಾರ್ ಹೇಳಿದ್ದರು. ಮಲಗಿದ ಕೋಣ ಎದ್ದು ರೆಕ್ಕೆ ಬಿಚ್ಚಬೇಕು. ಇವಳು ಅದಕ್ಕೆಂದೇ ಪೀಜಿ ಬಿಟ್ಟು, ತಂಗಿಯನ್ನೂ ಎಳೆದುಕೊಂಡು ನಮ್ಮ ಕೊಟ್ಟಿಗೆಗೆ ಬಂದಿದ್ದು.

“ಈ ಸಲ ಆಗಲಿಲ್ಲಂದ್ರ ಗದಗಿಗೆ ಹೋಗಿ ಅಂಗಡಿ ಬೋರ್ಡ್ ಬರೀತೇನಿ. ಗ್ವಾಡಿ ನೋಡಿ ನೋಡಿ ನನ್ನ ಕಣ್ಣಾಗ ಗ್ವಾಡಿನ ಕುಂತದ” ಎಂದಿದ್ದಳು.

ದಿನಾ ಬೆಳಗ್ಗೆ ಐದೂವರೆಗೆ ಗೊಂತಿನ ಹತ್ತಿರ ಹಾಜರು. ಮೊದಮೊದಲು ಅವಳಿಗೆ ತಾಳ್ಮೆ ಇರಲಿಲ್ಲ. ಮಲಗಿದ್ದ ಎಮ್ಮೆಯನ್ನು ತಟ್ಟಿ ಎಬ್ಬಿಸುವುದು, ಬರೆದುಕೊಳ್ಳುವುದು, ಅದು ಮಲಗಿದ ಮೇಲೆ ಮತ್ತೆ ಎಬ್ಬಿಸುವುದು. ವಾರಕ್ಕೆ ಹಾಲು ಕಮ್ಮಿಯಾಯಿತು. ನಾನು ಕಡ್ಡಿಪೊರಕೆ ಎತ್ತಿಕೊಂಡು ಹೋದೆ.

“ನಿನ್ನನ್ನ ಅಂಗೆ ಹತ್ತು ಸಲಿ ಎಬ್ಬಿಸಿದ್ರೆ ನೀನು ಹಾಲು ಕೊಟ್ಟೀಯಾ?”

“ಹಂಗಾರ ತಾನಾಗೇ ಏಳೂತನಕ ಕಾಯ್ತೇನಿ. ಸುಮ್ನ ಕುಂದ್ರೋ ಬದಲಿ ಸಗಣಿ ಬಾಚ್ತೇನಿ, ಬೈಬ್ಯಾಡ್ರಿ.”

ಬಾಚಿದಳು. ತಿಂಗಳುಗಟ್ಟಲೆ ಬಾಚಿದಳು. ಎಮ್ಮೆ ಏಳುವ ಸೂಚನೆ ಕಂಡರೆ ಮಂಕರಿ ಅಲ್ಲೇ ಬಿಸಾಕಿ ಓಡುತ್ತಿದ್ದಳು. ಅದು ಮೊದಲು ಮುಂದಕ್ಕೆ ತೂಗುತ್ತದೆ, ಮಂಡಿಯ ಮೇಲೆ ಇದ್ದುಕೊಂಡೇ ಹಿಂಭಾಗ ಎತ್ತುತ್ತದೆ, ಆಮೇಲೆ ಮುಂಗಾಲು ಒಂದೊಂದೇ ಊರುತ್ತದೆ. ಹುಟ್ಟಿದಾಗಿನಿಂದ ನೋಡಿದ ನಾನು ಇದನ್ನು ನೋಡಿಯೇ ಇರಲಿಲ್ಲ. ಅವಳು ತೋರಿಸಿದ ಮೇಲೆ ನೋಡಿದೆ. ತಂಗಿ ಮಾತ್ರ ಕ್ಯಾಬಿನವನು ಹಾರನ್ ಹೊಡೆಯುವ ತನಕ ಮಲಗಿರುತ್ತಿದ್ದಳು. ಎಮ್ಮೆಯ ಕಡೆ ತಿರುಗಿಯೂ ನೋಡಲಿಲ್ಲ.

ಪರೀಕ್ಷೆಗೆ ಎರಡು ವಾರ ಕೊಟ್ಟರು. ಇವಳು ಎರಡು ವಾರವೂ ಬರೆದಳು. ತಂಗಿ ಕೊನೆಯ ಭಾನುವಾರ ಮಧ್ಯಾಹ್ನ, ಮಂಡಕ್ಕಿ ತಿನ್ನುತ್ತ, ಒಂದೇ ಪಟ್ಟಿನಲ್ಲಿ ಬರೆದು ಮುಗಿಸಿ ಕೈ ಒರೆಸಿಕೊಂಡು ಸಂತೆಗೆ ಹೋದಳು. ಅವಳು ಹೋದ ಮೇಲೆ ಇವಳು ಎರಡೂ ಕಟ್ಟು ತಂದು ನನ್ನ ಮುಂದೆ ಕೂತಳು. ಎಡಗೈ ಬೆರಳ ಸಂದಿಗೆ ಹಾಳೆ ಸಿಕ್ಕಿಸಿ ಪಟಪಟ ಮಗುಚಿ ತೋರಿಸಿದಳು. ಮೊದಲು ತನ್ನದು. ನಮ್ಮದೇ ಎಮ್ಮೆ. ಮೂಳೆ ಮೂಳೆ ಸರಿ. ಆಮೇಲೆ ತಂಗಿಯದು. ಅದು ನಾಯಿ ಎದ್ದ ಹಾಗೆ ಮುಂಗಾಲು ಮೊದಲು ಊರಿ ಎದ್ದಿತು. ತಪ್ಪು. ಆದರೆ ಎದ್ದದ್ದೇ ಕೋಡು ಬೀಸಿ ರೆಕ್ಕೆ ಒದರಿದ ರಭಸಕ್ಕೆ ನಾನು ಕೂತಲ್ಲೇ ಹಿಂದಕ್ಕೆ ಸರಿದೆ.

“ಹೇಳ್ರಿ” ಎಂದಳು.

ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. “ನಿಂದು ಸರಿಯಾಗೈತೆ ಕಣವ್ವ. ಅವಳದು ತಪ್ಪಾಗೈತೆ. ಆದ್ರೆ ಅವಳದು ನೋಡಿ ನಂಗೆ ಹೆದ್ರಿಕೆ ಆಯ್ತು, ನಿಂದು ನೋಡಿ ಹಾಲು ಕರೆಯೋದು ಗ್ಯಾಪ್ಕ ಬಂತು.”

ಹಾಳೆ ಜೋಡಿಸಿಕೊಂಡಳು. “ಕಾಲು ತಪ್ಪೈತಿ ಅಂತ ಆಕಿಗೆ ಹೇಳಬೇಕೇನಬೇ?”

“ನೀನು ಹೇಳ್ತೀಯಾ?”

“ಯಾವಾಗ್ಲೂ ನಾನs ಹೇಳೇನಿ. ಈ ಸಲ ಇಲ್ಲ.”

ಹೇಳಲಿಲ್ಲ. ಆದರೂ ತಂಗಿಯದೇ ಆರಿಸಿದರು. ಇಲ್ಲದ ಪ್ರಾಣಿ ಹೇಗೆ ಎದ್ದರೇನು ಎಂದರಂತೆ ದೊಡ್ಡ ಸಾರ್. ಅದರ ನಡುವಿನ ಚಿತ್ರ ಬರೆಯಲು ಮತ್ತೆ ಇವಳನ್ನೇ ಕೂರಿಸಿದರು.

ಇವಳು ಗದಗಿಗೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಕಂಪನಿಯಲ್ಲಿ ಯಾರೂ ಮಾಡದ ತಪ್ಪೊಂದು ಮಾಡಿದಳು. ತಂಗಿಯ ಮುಖ್ಯ ಚಿತ್ರಗಳನ್ನು ಹಾಗೇ ಬಿಟ್ಟು, ಅವುಗಳ ನಡುವೆ ತನ್ನ ಎಮ್ಮೆಯನ್ನು ತುಂಬಿದಳು. ಮುಂಗಾಲು ಊರುವ ಮೊದಲು ಒಂದು ತೂಗಾಟ, ಮಂಡಿ, ಹಿಂಭಾಗದ ಭಾರ. ಓಡಿಸಿದಾಗ ತಂಗಿಯ ರಭಸವೂ ಇತ್ತು, ಕೋಣಕ್ಕೆ ತೂಕವೂ ಬಂದಿತ್ತು. ಕಟ್ಟು ಹೊರದೇಶಕ್ಕೆ ಹೋದ ಮೇಲೆ ತಂಗಿಗೆ ಗೊತ್ತಾಯಿತು. ಸಂಜೆ ಕ್ಯಾಬಿನಿಂದ ಇಳಿದವಳೇ ಅಂಗಳದಲ್ಲಿ ಶುರು ಮಾಡಿದಳು.

“ನನ್ನ ಚಿತ್ರದಾಗ ಯಾಕ ಕೈ ಹಾಕಿದಿ? ಹೊಟ್ಟಿಕಿಚ್ಚು ನಿಂಗ!”

“ಹೌದು, ಹೊಟ್ಟಿಕಿಚ್ಚು. ಆದ್ರ ಕಾಲು ತಪ್ಪಿತ್ತು.”

“ಕೋಣಕ್ಕ ರೆಕ್ಕಿ ಇರ್ತಾವೇನ? ಅದು ತಪ್ಪಲ್ಲ, ಕಾಲು ತಪ್ಪು!”

“ರೆಕ್ಕಿ ಇದ್ದದ್ದಕ್ಕs ಕಾಲು ಸರಿ ಇರಬೇಕು. ಇಲ್ಲಂದ್ರ ಯಾವುದನ್ನ ನಂಬೂದು?”

ಇಬ್ಬರೂ ಮೂರು ದಿನ ಮಾತು ಬಿಟ್ಟರು. ನಾನು ಮಧ್ಯ ಹೋಗಲಿಲ್ಲ. ಅಕ್ಕತಂಗಿಯರ ಮಧ್ಯ ಹೋಗಿ ಬೈಸಿಕೊಂಡದ್ದು ನನಗೆ ಸಾಕಷ್ಟಿದೆ.

ಹೊರದೇಶದಿಂದ ಉತ್ತರ ಬಂದಾಗ ನಾನು ಹಾಲಿನ ಕ್ಯಾನು ಹಿಡಿದು ಅಲ್ಲೇ ನಿಂತಿದ್ದೆ. ಎಲ್ಲಕ್ಕಿಂತ ಆ ಕೋಣ ಏಳುವುದು ಚೆನ್ನಾಗಿದೆ ಎಂದು ಬರೆದಿದ್ದರಂತೆ. ಎಲ್ಲರೂ ತಂಗಿಯ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ತಂಗಿ ಬಾಯಿ ಬಿಡಲಿಲ್ಲ. ಮನೆಗೆ ಬಂದ ಮೇಲೆ ಕೇಳಿದೆ, “ಯಾಕವ್ವ, ಅಕ್ಕಂದು ಅಂತ ಏಳಕ್ಕೆ ನಾಲಿಗೆ ಬಿದ್ದೋಗಿತ್ತಾ?”

“ಹೇಳಿದ್ರ ಆಕಿ ಕೆಲಸ ಹೋಗ್ತದ ಆಯಿ. ನಡುವಿನೋರು ಕೀ ಕೆಡಿಸಬಾರದು” ಎಂದಳು. ಅದು ನಿಜ. ಅದು ಅವಳಿಗೆ ಅನುಕೂಲವೂ ಹೌದು. ಎರಡರಲ್ಲಿ ಯಾವುದಕ್ಕೆ ಸುಮ್ಮನಿದ್ದಳೋ ಅವಳಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಇವಳು ಗೋಡೆಗೆ ಒರಗಿ ಕೇಳಿಸಿಕೊಳ್ಳುತ್ತಿದ್ದಳು. “ಹೋದ್ರ ಹೋಗ್ಲಿ. ನಾಳೆ ನಾನs ಹೇಳ್ತೇನಿ” ಎಂದಳು.

ಮಾರನೇ ದಿನ ಹೇಳಿಯೇಬಿಟ್ಟಳು. ನಾನು ಹತ್ತೂವರೆಗೆ ಹಾಲು ಹಾಕಲು ಹೋದಾಗ ದೊಡ್ಡ ಸಾರ್ ಅವಳ ಮೇಜಿನ ಮುಂದೆ ನಿಂತು ಕೂಗಾಡುತ್ತಿದ್ದರು.

“ಏನ್ರೀ ಇದು? ಎಲ್ರೂ ಇಂಗೇ ಕೈ ಹಾಕ್ತಾ ಹೋದ್ರೆ ಕಂಪನಿ ನಡಿಯುತ್ತೇನ್ರೀ?”

“ಕೀ ಮೇಜು ಕೊಡ್ರಿ, ಇಲ್ಲಾ ಮನಿಗೆ ಕಳಸ್ರಿ. ಗ್ವಾಡಿ ಕಡೆ ಇನ್ನ ಕುಂದ್ರೂದಿಲ್ಲ.”

ಅವರು ತಲೆ ಕೆರೆದುಕೊಂಡರು. “ಎಮ್ಮೆ ಬೇಡ. ಎಮ್ಮೆ ನಿಮಗೆ ಬಾಯಿಪಾಠ. ಎಲ್ಲೂ ಇಲ್ಲದ ಪ್ರಾಣಿ ಒಂದು ಬರೀರಿ. ಮಲಗಿರೋದು ಏಳಬೇಕು. ಇಲ್ಲೇ ಕೂತು, ಯಾವುದನ್ನೂ ನೋಡ್ಕೊಳ್ದೆ, ಸಂಜೆ ಒಳಗೆ. ಆಗ್ಲಿಲ್ಲ ಅಂದ್ರೆ ನೀವೇ ಹೇಳಿದಂಗೆ ಮನೆ.”

ಇವಳು ಕೂತಳು. ನಾನು ಹೊರಡುವ ತನಕ ಹಾಳೆ ಬೆಳ್ಳಗೇ ಇತ್ತು. ಇವಳ ಕಥೆ ಮುಗಿಯಿತು ಎಂದುಕೊಂಡೇ ಮನೆಗೆ ಬಂದೆ. ಕೈಗೆ ಕೆಲಸ ಹತ್ತಲಿಲ್ಲ. ಸಂಜೆಯ ಹಾಲನ್ನು ಅರ್ಧ ಗಂಟೆ ಮೊದಲೇ ಎತ್ತಿಕೊಂಡು ಹೋದೆ.

ಅವಳ ಮೇಜಿನ ಸುತ್ತ ಜನ. ಸಾರ್ ಹಾಳೆ ಮಗುಚುತ್ತಿದ್ದರು. ದೊಡ್ಡ ಹೊಟ್ಟೆಯ, ಆರು ಕಾಲಿನ ಒಂದು ಪ್ರಾಣಿ. ಮೊದಲು ಒಂದು ಕಾಲು ಹೊರಗೆ ಬಂದು ನೆಲ ತಡಕಿತು. ಮಿಕ್ಕ ಐದಕ್ಕೆ ಸುದ್ದಿಯೇ ಇಲ್ಲ. ನೆಲ ತಣ್ಣಗಿತ್ತೇನೋ, ಆ ಕಾಲು ಒಳಗೆ ಹೋಯಿತು. ತಲೆ ಎದ್ದಿತು, ಕಣ್ಣು ಮುಚ್ಚಿಕೊಂಡೇ ಯಾರಿಗೋ ‘ಹೂಂ’ ಎಂದಿತು, ದೊಪ್ಪೆಂದು ಬಿತ್ತು. ಆಮೇಲೆ ಆರೂ ಕಾಲು ಒಟ್ಟಿಗೆ ಹಾರಿ, ಬಾಲ ತನ್ನದೇ ಕಾಲಡಿ ಸಿಕ್ಕಿ, ಹೇಗೋ ನಿಂತಿತು. ನಿಂತುಕೊಂಡೇ ಮತ್ತೆ ನಿದ್ದೆ ಮಾಡಿತು. ನಾನು ಕ್ಯಾನು ಕೆಳಗಿಟ್ಟು ನಕ್ಕೆ. ಎಲ್ಲರೂ ನಗುತ್ತಿದ್ದರು.

“ಗುರು, ಇದು ಇವರ ತಂಗಿ ಕಣೋ! ಕ್ಯಾಬಲ್ಲಿ ಎದ್ದೇಳೋದು ಇಂಗೇ!” ಎಂದು ಯಾವನೋ ಕೂಗಿದ.

ಎಲ್ಲರೂ ತಂಗಿಯ ಕಡೆ ತಿರುಗಿದರು. ಅವಳು ನಗುತ್ತಿರಲಿಲ್ಲ.

“ನಾ ಹಿಂಗ ಏಳ್ತೇನೇನ?”

“ನೀ ಹುಟ್ಟಿದಾಗಿಂದ ನಿನ್ನ ಎಬ್ಬಸಾಕತ್ತೇನಿ. ನಂಗ ಗೊತ್ತಿಲ್ಲೇನು?”

ಸಾರ್ ಹೊಗಳಲಿಲ್ಲ. ನಾಳೆಯಿಂದ ಕಿಟಕಿ ಹತ್ತಿರ ಕೂತ್ಕೊಳಿ, ಇನ್ನೊಬ್ಬರ ಕೀ ಕೆಡಿಸಿದರೆ ನೋಡಿ, ಎಂದರು. ಈ ಆರು ಕಾಲಿನದನ್ನೂ ಕಥೆಗೆ ಸೇರಿಸೋಣ, ನಡುವಿನ ಚಿತ್ರ ಯಾರು ಮಾಡ್ತಾರೆ ಎಂದು ಸುತ್ತ ನೋಡಿದರು.

“ನನ್ನ ತಂಗಿ ಮಾಡ್ಲಿ” ಎಂದಳು ಇವಳು.

ತಂಗಿ ಅಕ್ಕನನ್ನೇ ನೋಡಿದಳು. “ಆತು. ಅದ್ರಾಗೇನೈತಿ” ಎಂದಳು.

ಅದರಲ್ಲೇ ಎಲ್ಲ ಇತ್ತು. ಅವಳಿಗೆ ನಡುವಿನದು ಬರಲಿಲ್ಲ. ಎರಡು ಚಿತ್ರದ ನಡುವೆ ಸುಮ್ಮನೆ ಹೋಗಿ ಬಾ ಎಂದರೆ ಹೋಗುವವಳಲ್ಲ. ಹುಬ್ಬು ಹಾರಿಸುವಳು, ಬಾಲ ಕುಣಿಸುವಳು. ಒಂದೊಂದು ಹಾಳೆಯೂ ಚೆಂದ, ಓಡಿಸಿದರೆ ಪ್ರಾಣಿಗೆ ಸೆಳವು ಬಂದ ಹಾಗೆ. ಇವಳು ವಾಪಸ್ಸು ಕೊಡುವಳು. ಮತ್ತೆ ಬರೆಸುವಳು. ಭಾನುವಾರ ಮನೆಗೂ ಹೊತ್ತು ತಂದರು. ಗಾಜಿನ ಹಲಗೆ ನಮ್ಮ ಜಗುಲಿಯ ಮೇಲಿಟ್ಟು ಕೂತರು. ಬೆಳಗ್ಗೆಯಿಂದ ಆರು ಸಲ ಬರೆದಿದ್ದಳು ತಂಗಿ.

“ಇದ್ರಾಗ ನೀ ಬಂದೀ. ನಿನ್ನ ತಗದ ಹಾಕು” ಎನ್ನುವಳು ಇವಳು.

“ಇರೋದೇ ನಾನು! ಪ್ರಾಣಿನ ನಾನು! ತಗದ್ರ ಏನ್ ಉಳೀತದ?”

“ಅದನ್ನs ನೋಡೂಣು.”

ತಂಗಿಯ ಕಣ್ಣಲ್ಲಿ ನೀರು. ಪೆನ್ಸಿಲ್ ಎಸೆದಳು, ಅದು ಹೋಗಿ ಬೂಸಾದ ಬಾನಿಗೆ ಬಿತ್ತು. ನನಗೆ ನೋಡಲಾಗಲಿಲ್ಲ. “ಸಾಕು ಬಿಡವ್ವಾ, ಊಟನಾದ್ರೂ ಮಾಡ್ಲಿ ಅವಳು” ಎಂದೆ. ಇವಳು ನನ್ನ ಕಡೆ ತಿರುಗಲೂ ಇಲ್ಲ. ತನ್ನ ಕೂದಲ ಗಂಟಿನಿಂದ ಪೆನ್ಸಿಲ್ ಕಿತ್ತು ತಂಗಿಯ ಮುಂದೆ ಹಿಡಿದಳು.

ಏಳನೆಯ ಕಟ್ಟನ್ನು ಇವಳು ಮಗುಚಿ ನೋಡಿದಳು. ಇನ್ನೊಮ್ಮೆ ನೋಡಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಒಂದು ಹಾಳೆ ಎಳೆದು ಬದಿಗಿಟ್ಟು, ಮಿಕ್ಕದ್ದನ್ನು ಜೋಡಿಸಿ ಚೀಲಕ್ಕೆ ಹಾಕಿದಳು.

“ಇದೊಂದು ಮತ್ತ ಮಾಡು.”

“ಇದಕ್ಕೇನಾತು?”

“ಮೂರನೇ ಕಾಲು ಅವಸರ ಮಾಡೈತಿ.”

ತಂಗಿ ಹಾಳೆ ಕಿತ್ತುಕೊಂಡಳು. ಬೈಯುತ್ತಲೇ ಅಳಿಸಿದಳು, ಬೈಯುತ್ತಲೇ ಬರೆಯತೊಡಗಿದಳು.